ಹದಿನೇಳನೆಯ ನಂಬರಿನ ಉತ್ತರಪತ್ರಿಕೆ

ಆರನೆಯ ಕಂತು

"ಮೇಷ್ಟ್ರೇ, ಈ 'ಲಾ' ಅಂದರೆ ಏನು?"

ಷಡಕ್ಷರಿ ಭೂತಗನ್ನಡಿಯನ್ನು ಉತ್ತರಪತ್ರಿಕೆಯ ಅಂಚಿನ ಮೇಲೆ ಹಿಡಿದು ಕೇಳಿದ. ಬಾಗೂರು ಶಾಲೆಯ ಹೆಡ್‌ಮಾಸ್ತರು ಗುಂಡಯ್ಯನವರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಪಂಚೆಯ ಸೆರಗಿನಲ್ಲಿ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮಕ್ಕಳು ಏನೇನೋ ಗೀಚುತ್ತವೆ, ಅದಕ್ಕೆಲ್ಲ ಅರ್ಥ ಹುಡುಕುತ್ತಾ ಕೂತರೆ ಮುಗಿಯಿತು ಎಂದರು.

ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದದ್ದು ಇಷ್ಟೆ: ಲಾ, ೨, ೩, ೪, ೫. ಕೆಳಗಿನ ಇನ್ನೊಂದು ಲೆಕ್ಕದ ಪಕ್ಕದಲ್ಲೂ ಹಾಗೆಯೇ: ಲಾ, ೨, ೩. ಇಡೀ ಪತ್ರಿಕೆಯಲ್ಲಿ ಏಳು ಕಡೆ ಈ 'ಲಾ' ಕೂತಿತ್ತು.

ಮೂರು ದಿನದಿಂದ ಷಡಕ್ಷರಿಯ ತಲೆಯನ್ನು ಅದು ಕೊರೆಯುತ್ತಿತ್ತು. ಲಾಯರು, ಲಾಟೀನು, ಲಾಡಿ, ಲಾಳ ಎಂದು ಒಂದೊಂದನ್ನೇ ಹಚ್ಚಿ ನೋಡಿದ್ದ. ಯಾವುದೂ ಹೊಂದಲಿಲ್ಲ. ಇಪ್ಪತ್ತೆರಡು ವರ್ಷ ಹಾಸನದ ಕೋರ್ಟಿಗೆ ಖೋಟಾ ಪತ್ರಗಳನ್ನು ಹಿಡಿದುಕೊಟ್ಟು ಹೆಸರು ಮಾಡಿದ್ದ ಮನುಷ್ಯ, ಒಂಬತ್ತು ವರ್ಷದ ಕೂಸಿನ ಲೆಕ್ಕದ ಹಾಳೆಯ ಮುಂದೆ ಪೆಚ್ಚಾಗಿ ಕೂತಿದ್ದ. ಇದನ್ನು ಯಾರಾದರೂ ಹಳೆಯ ವಕೀಲರು ನೋಡಿದ್ದರೆ ಆಡಿಕೊಂಡು ನಗುತ್ತಿದ್ದರು.

ವಿಷಯ ಇಷ್ಟು. ಹಾಸನದ ವಿದ್ಯಾಪೋಷಕ ಮಂಡಲಿಯವರು ಈ ೧೯೫೯ನೇ ಇಸವಿಯಿಂದ ಜಾಣ ಮಕ್ಕಳಿಗೆಂದೇ ಒಂದು ವಿಶೇಷ ತರಗತಿ ತೆರೆಯುವವರಿದ್ದರು. ತಾಲ್ಲೂಕಿಗೆ ಒಂದೇ ಸೀಟು. ಆಯ್ಕೆಯಾದ ಮಗುವಿಗೆ ಹಾಸನದಲ್ಲೇ ಊಟ, ವಸತಿ, ಓದು, ಏಳು ವರ್ಷ. ಹೊಳೇನರಸೀಪುರದ ಸೀಟು ಒಬ್ಬ ಅಂಚೆಯವನ ಮಗಳಿಗೆ ಹೋಯಿತು, ಅರಕಲಗೂಡಿನದು ರುದ್ರಪಟ್ಟಣದ ಒಬ್ಬ ಪಿಟೀಲು ವಿದ್ವಾಂಸರ ಮೊಮ್ಮಗನಿಗೆ. ಅಲ್ಲೆಲ್ಲ ತಕರಾರಿಲ್ಲ. ಚನ್ನರಾಯಪಟ್ಟಣದ ಸೀಟಿಗೆ ಮಾತ್ರ ಕಳಿಸಿದವರ ಹೆಸರಿಲ್ಲದ ಒಂದು ಮೂಕರ್ಜಿ ಬಂತು.

'ಹದಿನೇಳನೆಯ ನಂಬರಿನ ಪತ್ರಿಕೆ ಹದಿನೇಳನೆಯ ನಂಬರಿನ ಹುಡುಗನದಲ್ಲ.' ಅದರಲ್ಲಿದ್ದದ್ದು ಅಷ್ಟೇ ಮಾತು.

ಹದಿನೇಳು ಎಂದರೆ ಬಾಗೂರಿನ ಜಮೀನುದಾರ ನಂಜಪ್ಪನ ಮಗ ತಿಮ್ಮಪ್ಪ. ಅವನಿಗೆ ನೂರಕ್ಕೆ ತೊಂಬತ್ತನಾಲ್ಕು. ಅವನ ಪಕ್ಕದಲ್ಲೇ ಕೂತು ಬರೆದ ಹದಿನೆಂಟನೆಯ ನಂಬರು ಅದೇ ಊರಿನ, ಅದೇ ಶಾಲೆಯ ಮಲ್ಲಿಗಮ್ಮ. ನಂಜಪ್ಪನ ಕಣದಲ್ಲಿ ರಾಗಿ ಅಳೆಯುವ ಲಕ್ಕಯ್ಯನ ಮಗಳು. ಅವಳಿಗೆ ಇಪ್ಪತ್ತೆರಡು. ತನಿಖೆಗೆ ಮಂಡಲಿ ನೇಮಿಸಿದ್ದ ಷಡಕ್ಷರಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವರದಿ ಒಪ್ಪಿಸದಿದ್ದರೆ ಸೀಟು ತಿಮ್ಮಪ್ಪನಿಗೆ ಖಾಯಂ. ಇವತ್ತು ಶನಿವಾರ.

ಮಂಡಲಿಯ ಕಾರ್ಯದರ್ಶಿ ಚನ್ನಬಸವಯ್ಯನವರು ಕೊಟ್ಟಿದ್ದ ಕಡತವನ್ನು ಷಡಕ್ಷರಿ ಮೇಜಿನ ಮೇಲೆ ಹರಡಿದ. ಎರಡೂ ಉತ್ತರಪತ್ರಿಕೆಗಳು ಅದರಲ್ಲಿದ್ದವು. ಮೇಲಿನ ಹಾಳೆಯಲ್ಲಿ ನಂಬರು ಮಾತ್ರ, ಹೆಸರಿಲ್ಲ. ಉತ್ತರವೆಲ್ಲ ಒಳಗಿನ ಹಾಳೆಗಳಲ್ಲಿ. ಪರೀಕ್ಷೆಯ ದಿನ ಮಂಡಲಿಯವರು ಹಾಳೆ ಕೊಟ್ಟರೇ ಹೊರತು ಕಟ್ಟಲು ದಾರ ಕೊಡುವುದನ್ನು ಮರೆತಿದ್ದರಂತೆ. ಹಾಸನದ ಕಚೇರಿಯಲ್ಲಿ ಅವನು ಕಂಡಿದ್ದ ಒಂದೊಂದು ಪತ್ರಿಕೆಯೂ ಒಂದೊಂದು ಬಗೆಯಾಗಿತ್ತು. ಕೆಲವಕ್ಕೆ ಸೆಣಬು, ಕೆಲವಕ್ಕೆ ಹೊಲಿಗೆ ದಾರ, ಒಂದಕ್ಕೆ ಯಾವುದೋ ಹುಡುಗಿಯ ಜಡೆಯ ಟೇಪು. ಈ ಎರಡಕ್ಕೆ ಮಾತ್ರ ಹೊಸ ಬಿಳಿ ದಾರ. ಬಾಗೂರಿನವರು ಅನುಕೂಲಸ್ಥರು ಎಂದುಕೊಂಡು ಷಡಕ್ಷರಿ ಅದನ್ನು ಅಲ್ಲಿಗೇ ಬಿಟ್ಟಿದ್ದ.

ಮೂಕರ್ಜಿಗೆ ಅಂಚೆಚೀಟಿ ಇರಲಿಲ್ಲ. ಸುರುಳಿ ಸುತ್ತಿ, ಎರಡೆಳೆ ಒಣಗಿದ ಬಾಳೆನಾರಿನಿಂದ ಕಟ್ಟಿ, ಮಂಡಲಿಯ ಬಾಗಿಲಿನ ಟಪಾಲು ಡಬ್ಬಿಯಲ್ಲಿ ಯಾರೋ ಹಾಕಿಹೋಗಿದ್ದರು. ನಾರು ನೋಡಿದ ಕೂಡಲೇ ಷಡಕ್ಷರಿ ಇದು ಹಳ್ಳಿಯವರ ಕೆಲಸ ಎಂದು ತೀರ್ಮಾನಿಸಿದ್ದ. ಪೇಟೆಯವರು ಕಾಗದಕ್ಕೆ ಬಾಳೆನಾರು ಕಟ್ಟುತ್ತಾರೆಯೇ? ನಾರಿನ ಒಂದು ತುದಿ ಕೊಳೆ ಹಿಡಿದು ಕಪ್ಪಗಾಗಿತ್ತು. ಅದನ್ನು ಮುಟ್ಟಲು ಅಸಹ್ಯಪಟ್ಟು ಅವನು ಪತ್ರವನ್ನು ಓದಿದ ಮೇಲೆ ಹಾಗೆಯೇ ಮತ್ತೆ ಸುತ್ತಿಟ್ಟಿದ್ದ.

"ಅಕ್ಷರ ನೋಡಿ ಹೇಳಬಹುದಲ್ಲ, ನೀವೇ ಪಂಡಿತರು" ಎಂದರು ಗುಂಡಯ್ಯನವರು. ಅದರಲ್ಲಿ ಸ್ವಲ್ಪ ಕೊಂಕಿತ್ತು.

ಅಕ್ಷರ ನೋಡಿಯೇ ಷಡಕ್ಷರಿ ಸೋತಿದ್ದ. ಗುಂಡಯ್ಯನವರು ಹತ್ತು ವರ್ಷದಿಂದ ಮಕ್ಕಳ ಕೈಹಿಡಿದು ತಿದ್ದಿಸಿದ ಶಾಲೆ ಅದು. ಅಲ್ಲಿ ಕಲಿತ ಅಷ್ಟೂ ಮಕ್ಕಳದು ಒಂದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ ಗುಂಡಗೆ. ತಿಮ್ಮಪ್ಪನ ಕಾಪಿ ಪುಸ್ತಕವನ್ನೂ ಮಲ್ಲಿಗಮ್ಮನ ಕಾಪಿ ಪುಸ್ತಕವನ್ನೂ ತರಿಸಿ ನೋಡಿದ. ಯಾರದು ಯಾವುದೆಂದು ಹೊದಿಕೆ ನೋಡಿಯೇ ತಿಳಿಯಬೇಕಾಯಿತು.

ತೊಂಬತ್ತನಾಲ್ಕರ ಪತ್ರಿಕೆಯನ್ನು ಅವನು ಮತ್ತೆ ತಿರುವಿದ. ಒಂಬತ್ತನೆಯ ಪ್ರಶ್ನೆಯ ಉತ್ತರಕ್ಕೆ ಬಂದಾಗ ಎಂದಿನಂತೆ ನಗು ಬಂತು. ಮೂರು ಆಳು ನಾಲ್ಕು ದಿನ ಕೊಯ್ಯುವ ಹೊಲವನ್ನು ಆರು ಆಳು ಎಷ್ಟು ದಿನದಲ್ಲಿ ಕೊಯ್ದಾರು ಎಂಬುದು ಪ್ರಶ್ನೆ. 'ಎರಡು ದಿನ. ಆರು ಕುಡುಗೋಲು ಇದ್ದರೆ' ಎಂದು ಉತ್ತರ. ಪರೀಕ್ಷಕರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಶಭಾಷ್ ಎಂದು ಬರೆದಿದ್ದರು. ಇದನ್ನು ಬರೆದ ಮಗು ಯಾವುದೇ ಆಗಿರಲಿ, ಅದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವನಿಗೆ ನಿಜವಾಗಿ ಆಸೆಯಾಗಿತ್ತು.

ಮಲ್ಲಿಗಮ್ಮನನ್ನು ಕರೆಸಿ ಎಂದ. ಅವಳು ನಾಲ್ಕು ದಿನದಿಂದ ಶಾಲೆಗೇ ಬಂದಿಲ್ಲವೆಂದೂ, ಫಲಿತಾಂಶ ತಿಳಿದ ದಿನದಿಂದ ಅವಳ ತಾಯಿ ಹೊನ್ನಕ್ಕ ಕಳುಹಿಸುತ್ತಿಲ್ಲವೆಂದೂ ಗುಂಡಯ್ಯನವರು ನೆಲ ನೋಡುತ್ತಾ ಹೇಳಿದರು.

ನಂಜಪ್ಪನ ಮನೆಯ ಜಗಲಿಯ ಮೇಲೆ ಹೊಸ ಕಬ್ಬಿಣದ ಟ್ರಂಕು ಬಿಸಿಲಿಗೆ ಇಟ್ಟಿತ್ತು. ಅದರ ಮೇಲೆ 'ಎನ್. ತಿಮ್ಮಪ್ಪ, ವಿಶೇಷ ತರಗತಿ, ಹಾಸನ' ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದರು. ಬಣ್ಣ ಇನ್ನೂ ಒಣಗಿರಲಿಲ್ಲ.

ನಂಜಪ್ಪ ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಅದು ಷಡಕ್ಷರಿಗೆ ಇನ್ನಷ್ಟು ಗೊಂದಲ ತಂದಿತು. ಶಾಲೆಯ ಕಟ್ಟಡಕ್ಕೆ ಜಾಗ ಕೊಟ್ಟವನು ಅವನೇ. ಗುಂಡಯ್ಯನವರು ಕಾಪುರವಿದ್ದ ಮನೆಯೂ ಅವನದೇ. ನಂಬರು ಬದಲಾಯಿಸಲು ಅವನು ಮೇಷ್ಟ್ರಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ಅವನ ಮುಖದಲ್ಲಿ ಕಳ್ಳತನದ ಲಕ್ಷಣವೇ ಇರಲಿಲ್ಲ, ಬರೀ ಹೆಮ್ಮೆ. ಊರವರಿಗೆ ಹೊಟ್ಟೆಕಿಚ್ಚು, ಅದಕ್ಕೆ ಮೂಕರ್ಜಿ ಹಾಕಿದ್ದಾರೆ ಎಂದು ಎರಡು ಸಲ ಹೇಳಿ, ಎಳನೀರು ಕೆಚ್ಚಿಸಿಕೊಟ್ಟು, ಕಣಕ್ಕೆ ಹೋಗಿ ಬರುತ್ತೇನೆಂದು ಎದ್ದ.

ನಂಜಪ್ಪ ಮರೆಯಾದ ಮೇಲೆ ಅವನ ಹೆಂಡತಿ ಅನಸೂಯಮ್ಮ ಬಾಗಿಲ ಬಳಿ ಬಂದು ನಿಂತಳು.

"ಅವ್ನಿಗೆ ತೊಂಬತ್ನಾಕು ಬಂದೈತೆ ಅಂದಾಗಿಂದ ನಂಗೆ ನಿದ್ದೆ ಅತ್ತಿಲ್ಲ ಸಾ. ಎಡಗಾಲಿನ ಮೆಟ್ಟು ಬಲಗಾಲಿಗಾಕ್ಕಳೋ ಉಡ್ಗ. ಅಲ್ಲಿ ಜಾಣಮಕ್ಕಳ ಮಧ್ಯೆ ಕೂಡ್ಸಿದ್ರೆ ನನ್ನ ಮಗ ಸವೆದೋಗ್ತಾನೆ. ಕಳ್ಸಕ್ಕಿಲ್ಲ ಅಂದ್ರೆ ಯಜಮಾನ್ರು ನನ್ನ ಮಾತಾಡ್ಸಕ್ಕಿಲ್ಲ. ನೀವೇ ಏನಾರ ಏಳಿ."

ಷಡಕ್ಷರಿಗೆ ಮೂಕರ್ಜಿ ಬರೆದವಳು ಇವಳೇ ಇರಬಹುದೇ ಎಂದು ಒಂದು ಕ್ಷಣ ಅನ್ನಿಸಿತು. ರುಜು ಹಾಕಲು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ, ಹೆಬ್ಬೆಟ್ಟು ಎಂದಳು. ಆ ದಾರಿಯೂ ಮುಚ್ಚಿತು.

ಅಷ್ಟರಲ್ಲಿ ಹಿತ್ತಲಿನಾಚೆಯ ಕಣದಿಂದ ಒಂದು ದನಿ ಎದ್ದಿತು. ರಾಗಿ ಅಳೆಯುತ್ತಿದ್ದ ದನಿ. ನಿಧಾನವಾಗಿ, ರಾಗ ಎಳೆದು, ಪೂಜೆಯ ಮಂತ್ರ ಹೇಳುವಷ್ಟು ಶ್ರದ್ಧೆಯಿಂದ ಹೇಳುತ್ತಿತ್ತು.

"ಲಾಭಾ... ಲಾಭಾ... ಎರಡೂ... ಎರಡೂ... ಮೂರೂ..."

ಷಡಕ್ಷರಿ ಎಳನೀರಿನ ಬುರುಡೆ ಕೆಳಗಿಟ್ಟು ಎದ್ದುನಿಂತ.

ಕಾಳು ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಶುಭವಾಗಲಿ ಎಂದು ಹಾಗೆ ಶುರುಮಾಡಿ, ಆಮೇಲೆ ಎರಡು, ಮೂರು. ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿದ್ದ ಮಾತು! ಹಾಸನದ ಕೋರ್ಟಿನ ಧೂಳಿನಲ್ಲಿ ಅದು ಮರೆತೇ ಹೋಗಿತ್ತು. ಪತ್ರಿಕೆಯ ಅಂಚಿನಲ್ಲಿದ್ದದ್ದು ಲಾಯರೂ ಅಲ್ಲ, ಲಾಟೀನೂ ಅಲ್ಲ. ಕಣದಲ್ಲಿ ಎಣಿಕೆ ಕಲಿತ ಒಂದು ಮಗು ಒಂದರ ಜಾಗದಲ್ಲಿ ಲಾಭ ಬರೆದಿತ್ತು.

ಕಣದಲ್ಲಿ ಕೊಳಗ ಹಿಡಿದು ಕೂತಿದ್ದವನು ಲಕ್ಕಯ್ಯ, ಮಲ್ಲಿಗಮ್ಮನ ತಂದೆ.

ಆತುರಪಡಬಾರದೆಂದು ಷಡಕ್ಷರಿ ತನಗೆ ತಾನೇ ಹೇಳಿಕೊಂಡ. ತಿಮ್ಮಪ್ಪನೂ ಇದೇ ಮನೆಯ ಹುಡುಗ, ಇದೇ ಕಣದವನು. ಅವನನ್ನು ಕರೆದು ಬೊಗಸೆ ಕಡಲೆಕಾಯಿ ಕೊಟ್ಟು ಎಣಿಸು ಎಂದ. ಹುಡುಗ ದುಂಡಗೆ, ಮುದ್ದಾಗಿದ್ದ. ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಿ, ಆರಕ್ಕೆ ಬಂದಾಗ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, ಎಲ್ಲಿಗೆ ನಿಲ್ಲಿಸಿದ್ದೆನೆಂದು ಮರೆತು ನಕ್ಕ. ಕಣದ ಧೂಳಿಗೆ ಕೆಮ್ಮು ಬರುತ್ತದೆಂದು ಅವನನ್ನು ಅತ್ತ ಬಿಡುವುದೇ ಇಲ್ಲ ಎಂದಳು ಅನಸೂಯಮ್ಮ. ಅವನ ತಲೆ ಸವರಿದ ಅವಳ ಕೈಯಲ್ಲಿದ್ದ ಪ್ರೀತಿ ನೋಡಿ ಷಡಕ್ಷರಿಗೆ ಇಬ್ಬರ ಮೇಲೂ ಕನಿಕರವಾಯಿತು.

ಮತ್ತೆ ಶಾಲೆಯ ಕಡೆ ಬಂದಾಗ ಗುಂಡಯ್ಯನವರು ಗೇಟಿನ ಬಳಿಯೇ ಕಾದಿದ್ದರು. ಇವನ ಮುಖ ನೋಡಿದ್ದೇ ಅವರಿಗೆ ತಿಳಿದುಹೋಯಿತು. ಲಾಭ ಎಂದು ಬರೆಯಬೇಡವೆಂದು ತಾನೇ ಮಲ್ಲಿಗಮ್ಮನ ಅಂಗೈಗೆ ಎಷ್ಟೋ ಸಲ ಹೊಡೆದಿದ್ದೆನೆಂದೂ, ಬೆಳಿಗ್ಗೆ ಪತ್ರಿಕೆ ನೋಡಿದ ಕೂಡಲೇ ಅವಳದೇ ಎಂದು ಗೊತ್ತಾಯಿತೆಂದೂ, ನಂಜಪ್ಪನ ಮನೆಯಲ್ಲಿ ಕಾಪುರವಿದ್ದುಕೊಂಡು ಅದನ್ನು ಹೇಳುವ ಧೈರ್ಯ ಬರಲಿಲ್ಲವೆಂದೂ ಒಪ್ಪಿಕೊಂಡರು. ಅವರ ಕಣ್ಣು ಕೆಂಪಾಗಿತ್ತು.

ಆದರೆ ನಂಬರು ಬದಲಾಯಿಸಿದ್ದು ತಾನಲ್ಲವೆಂದು ಮಗನ ಮೇಲೆ ಆಣೆ ಇಟ್ಟರು. ಪರೀಕ್ಷೆಯ ದಿನ ಚನ್ನರಾಯಪಟ್ಟಣದ ಶಾಲೆಯ ಗೇಟಿನಲ್ಲಿ ರಿಜಿಸ್ಟರಿಗೆ ಹೆಸರು ಬರೆಸಿ, ಇಬ್ಬರ ನಂಬರಿನ ಚೀಟಿಯನ್ನೂ ಅವರವರ ಚೀಲದ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಒಂದೊಂದು ಕಲ್ಲು ಹೇರಿ, ಮಕ್ಕಳನ್ನು ಮುಖ ತೊಳೆಸಲು ನಲ್ಲಿಯ ಹತ್ತಿರ ಕರೆದುಕೊಂಡು ಹೋದರಂತೆ. ವಾಪಸ್ಸು ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಚೀಟಿ ಎತ್ತಿಕೊಂಡು ಒಳಗೆ ಓಡಿದವು.

ಚೀಲಗಳ ಹತ್ತಿರ ಯಾರಿದ್ದರು ಎಂದು ಷಡಕ್ಷರಿ ಕೇಳಿದ.

ಮಗಳಿಗೆ ಬುತ್ತಿ ಹೊತ್ತುಕೊಂಡು ಬಂದಿದ್ದ ಹೊನ್ನಕ್ಕ ಎಂದರು ಗುಂಡಯ್ಯನವರು.

ಕೇರಿಯ ಕೊನೆಯಲ್ಲಿ ಲಕ್ಕಯ್ಯನ ಮನೆ. ಹೊನ್ನಕ್ಕ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಷಡಕ್ಷರಿಯನ್ನು ಕಂಡು ಎದ್ದಳು. ಕೂರಲು ಚಾಪೆ ಹಾಕಿ, ತಾನು ಮೊರ ಹಿಡಿದು ಗೋಡೆಗೆ ಒರಗಿ ನಿಂತಳು. ಇವನು ಯಾಕೆ ಬಂದನೆಂದು ಕೇಳಲಿಲ್ಲ.

ತೊಂಬತ್ತನಾಲ್ಕರ ಪತ್ರಿಕೆಯನ್ನು ತೆಗೆದು, ಅಂಚಿನಲ್ಲಿ ಬೆರಳಿಟ್ಟು, ಇಲ್ಲಿ ಲಾಭ ಎಂದು ಬರೆದಿದೆ, ಇದು ನಿನ್ನ ಮಗಳು ಬರೆದದ್ದು ಎಂದ ಷಡಕ್ಷರಿ. ಆ ಸೀಟು ಅವಳದು; ಅದನ್ನು ಯಾರೋ ಕದ್ದಿದ್ದಾರೆ, ಯಾರೆಂದು ತನಗೆ ತಿಳಿಯಬೇಕು ಎಂದ. ಅವನ ದನಿಯಲ್ಲಿ ಕೋರ್ಟಿನ ಗಡಸು ಬಂದಿತ್ತು.

ಹೊನ್ನಕ್ಕ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು.

"ಬೇರೆ ಯಾರ್ನೂ ಇಡೀಬೇಡಿ ಸಾ. ಚೀಟಿ ಅದ್ಲುಬದ್ಲು ಮಾಡ್ದೋಳು ನಾನೇಯ."

ಊಹಿಸಿ ಬಂದಿದ್ದರೂ ಅವಳ ಬಾಯಲ್ಲೇ ಕೇಳಿದಾಗ ಷಡಕ್ಷರಿಗೆ ನಂಬುವುದಕ್ಕೆ ಆಗಲಿಲ್ಲ. ನಿನಗೆ ಅಕ್ಷರ ಬರುತ್ತದೆಯೇ ಎಂದು ಕೇಳಿದ.

"ಅಕ್ಸರ ಯಾಕೆ ಬೇಕು? ಯಾವ ಚೀಲದ ಮ್ಯಾಲೆ ಯಾವ ಚೀಟಿ ಮಡಗವ್ರೆ ಅಂತ ಕಣ್ಣಿಗೆ ಕಾಣ್ತಿರಲಿಲ್ವಾ. ಅದನ್ನ ಇಲ್ಲಿಟ್ಟೆ, ಇದನ್ನ ಅಲ್ಲಿಟ್ಟೆ. ಗಳಿಗೆ ಕೆಲ್ಸ."

"ಹೆತ್ತ ಮಗಳಿಗೆ ಹೀಗೆ ಮಾಡಲು ಮನಸ್ಸಾದರೂ ಹೇಗೆ ಬಂತು?"

ಅವಳು ಮೊರದ ರಾಗಿಯನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದಳು.

"ನಮ್ಮ ಕೂಸು ಗೆಲ್ತದೆ ಅಂತ ನಂಗೊತ್ತಿತ್ತು ಸಾ. ಅದ್ಕೇ ಎದ್ರಿಕೆ. ಗೌಡ್ರ ಮಗ ಸೋತು ಲಕ್ಕಯ್ಯನ ಮಗಳು ಗೆದ್ಲು ಅಂದ್ರೆ, ನಾಳೀಕೆ ಆ ಕಣದಾಗೆ ಇವಳಪ್ಪ ಯಾವ ಮಕ ಇಟ್ಕಂಡು ಕೊಳಗ ಇಡೀತಾನೆ? ಗೌಡ್ರು ಏನೂ ಅನ್ನಕ್ಕಿಲ್ಲ. ಸುಮ್ಕೆ ಬ್ಯಾರೆಯೋರ್ನ ಕರೀತಾರೆ. ಅವಳೊಬ್ಳು ಆಸನಕ್ಕೋಗಿ ಉಣ್ತಾಳೆ, ಇಲ್ಲಿ ಇನ್ನ ಮೂರು ಒಟ್ಟೆ ಅವೆ. ಯಾವ್ದನ್ನ ನೋಡ್ಲಿ ನಾನು?"

ಷಡಕ್ಷರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಹೊನ್ನಕ್ಕನ ಲೆಕ್ಕದಲ್ಲಿ ಅವನಿಗೆ ತಪ್ಪು ಸಿಗಲಿಲ್ಲ, ಅದೇ ಅವನಿಗೆ ಸಂಕಟವಾಯಿತು. ಒಂದು ಪರೀಕ್ಷೆ, ಒಂದು ಸೀಟು, ಜಾಣತನಕ್ಕೆ ಬಹುಮಾನ ಎಂದು ಹಾಸನದಲ್ಲಿ ಕೂತವರು ಎಷ್ಟು ಸಲೀಸಾಗಿ ಮಾತಾಡಿದ್ದರು.

ಫಲಿತಾಂಶ ಬಂದ ದಿನ ಲಕ್ಕಯ್ಯ ಉಣ್ಣಲಿಲ್ಲವೆಂದೂ, ಮಗಳಿಗೆ ಇಪ್ಪತ್ತೆರಡು ಎಂದರೆ ನಂಬದೆ ಮೇಷ್ಟ್ರ ಹತ್ತಿರ ಮೂರು ಸಲ ಓದಿಸಿಕೊಂಡನೆಂದೂ ಹೊನ್ನಕ್ಕ ಹೇಳಿದಳು. ಗಂಡನ ಮುಖ ನೋಡಲಾಗದೆ, ಮಗಳು ಶಾಲೆಯಲ್ಲಿ ಅವಮಾನಪಡುವುದನ್ನೂ ತಾಳಲಾಗದೆ, ಅವಳನ್ನು ಹುಲ್ಲಿಗೆ ಅಟ್ಟುತ್ತಿದ್ದಳಂತೆ. ತಪ್ಪು ಮಾಡಿದೆನೆಂದು ಅವಳಿಗೆ ಗೊತ್ತಿತ್ತು, ಬೇರೆ ಏನು ಮಾಡಬೇಕಿತ್ತೆಂದು ಮಾತ್ರ ಗೊತ್ತಿರಲಿಲ್ಲ.

ಅಂತೂ ಪತ್ತೆಯಾಯಿತು. ಷಡಕ್ಷರಿ ಚೀಲದಿಂದ ಬಿಳಿ ಹಾಳೆ ತೆಗೆದು ಹೇಳಿಕೆ ಬರೆಯಲು ಶುರುಮಾಡಿದ. ಸಂಜೆಯ ಬಸ್ಸು ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಹಾಸನ ಸೇರಬಹುದು. ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿ ತೆರೆದ.

"ಅವ್ವನ ಬೆಟ್ಟು ಒತ್ತಿಸ್ಕಬ್ಯಾಡಿ ಸಾ."

ಬಾಗಿಲಲ್ಲಿ ಹುಲ್ಲಿನ ಹೊರೆ ಹೊತ್ತ ಒಂದು ಹುಡುಗಿ ನಿಂತಿದ್ದಳು. ಸಣಕಲು ಮೈ, ದೊಡ್ಡ ಕಣ್ಣು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ತಿಳಿಯದು. ಹೊರೆಯನ್ನು ಕೆಳಗೆ ಹಾಕಿ, ತಲೆಯ ಮೇಲಿನ ಸಿಂಬೆ ತೆಗೆದು ಕೊಡವಿದಳು.

ಮಲ್ಲಿಗಮ್ಮ ಇವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಷಡಕ್ಷರಿ ಪೆನ್ನು ಕೆಳಗಿಟ್ಟು, ಯಾಕೆ ಒತ್ತಿಸಿಕೊಳ್ಳಬಾರದು ಎಂದು ಕೇಳಿದ.

"ಅವ್ವ ಚೀಟಿ ಬದಲಾಯ್ಸಿದ್ದು ನಿಜ. ಒಳಕ್ಕೋಗಿ ನೋಡಿದ್ರೆ ನನ್ನ ಕೈಲಿ ಅದಿನೇಳು ಇ‌ತ್ತು. ಮೇಷ್ಟ್ರು ನಂಗೆ ಅದಿನೆಂಟು ಅಂತ ಬರೆಸಿದ್ರು. ತಿಮ್ಮಪ್ಪನ್ನ ಕೂಗ್ದೆ. ಇಬ್ರೂ ವಾಪಸ್ ಬದಲಾಯಿಸ್ಕಂಡ್ವಿ. ಆಮ್ಯಾಕೆ ಬರ್ದಿದ್ದು."

ಹೊನ್ನಕ್ಕನ ಕೈಯಿಂದ ಮೊರ ಜಾರಿತು. ರಾಗಿ ನೆಲದ ತುಂಬ ಚೆಲ್ಲಿತು. ಯಾರೂ ಅದನ್ನು ಬಾಚಲು ಬಗ್ಗಲಿಲ್ಲ.

ಷಡಕ್ಷರಿ ಲೆಕ್ಕ ಹಾಕಿದ. ಹಾಗಾದರೆ ಮಲ್ಲಿಗಮ್ಮ ಬರೆದದ್ದು ಹದಿನೆಂಟರ ಮೇಲೆ. ಹದಿನೆಂಟಕ್ಕೆ ಬಂದದ್ದು ಇಪ್ಪತ್ತೆರಡು. ಲಾಭದ ಗುರುತು ಇರುವುದು ಹದಿನೇಳರಲ್ಲಿ. ಬೆಳಿಗ್ಗೆಯಿಂದ ಒಂದೊಂದೇ ಬಿಡಿಸಿಕೊಂಡು ಬಂದಿದ್ದ ಗಂಟು ಕಣ್ಣೆದುರಿಗೇ ಮತ್ತೆ ಬಿಗಿದುಕೊಂಡಿತು. ಹುಡುಗಿ ತಾಯಿಯನ್ನು ಉಳಿಸಲು ಸುಳ್ಳು ಹೇಳುತ್ತಿರಬಹುದು ಎನ್ನಿಸಿತು. ಒಂಬತ್ತನೆಯ ಪ್ರಶ್ನೆಗೆ ಏನು ಬರೆದೆ ಎಂದು ಕೇಳಿದ.

"ಆರಾಳು ಎರಡು ದಿನ. ಆರು ಕುಡ್ಗೋಲು ಇದ್ರೆ." ಅವಳು ಸ್ವಲ್ಪ ಅಳುಕಿ, ಮನೆಯಲ್ಲಿ ಒಂದೇ ಕುಡುಗೋಲಿದ್ದರೆ ಆರು ಆಳು ಬಂದು ಏನು ಪ್ರಯೋಜನ ಎಂದು ಸೇರಿಸಿದಳು.

ಅವನು ನೋಡಬೇಕೆಂದು ಆಸೆಪಟ್ಟ ಮಗು ಕೊನೆಗೂ ಎದುರಿಗೆ ನಿಂತಿತ್ತು. ಸುಳ್ಳು ಹೇಳುವ ಮುಖವಲ್ಲ ಅದು. ಅಂದರೆ ಹದಿನೆಂಟು ಎಂದು ಬರೆದ ಹಾಳೆಯ ಕೆಳಗೆ ಅವಳು ಕಟ್ಟಿಕೊಟ್ಟ ಉತ್ತರಗಳು, ಈಗ ಹದಿನೇಳು ಎಂದು ಬರೆದ ಹಾಳೆಯ ಕೆಳಗೆ ಬಂದು ಕೂತಿದ್ದವು.

ಅವನು ಎರಡೂ ಪತ್ರಿಕೆಗಳನ್ನು ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟು, ಇವುಗಳನ್ನು ಕಟ್ಟಿದವರು ಯಾರು ಎಂದು ಕೇಳಿದ.

ಮಲ್ಲಿಗಮ್ಮ ಬಗ್ಗಿ ಬಿಳಿ ದಾರವನ್ನು ಬೆರಳಿನಿಂದ ಮುಟ್ಟಿದಳು.

"ಇದು ನಮ್ಮ ದಾರ ಅಲ್ಲ ಸಾ. ನಮ್ಮತ್ರ ದಾರ ಇರ್ಲಿಲ್ಲ. ಅವ್ವ ಬುತ್ತಿ ಎಲೆಗೆ ಕಟ್ಟಿದ್ದ ಬಾಳೆನಾರು ಸೀಳಿ ನಾನೊಂದು ಎಳೆ ಕಟ್ದೆ, ತಿಮ್ಮಪ್ಪಂಗೊಂದು ಎಳೆ ಕೊಟ್ಟೆ. ನನ್ನ ನಾರಿನ ತುದಿ ಶಾಯಿ ದೌತಿಗೆ ಬಿದ್ದು ನೀಲಿಯಾಗೋಗಿತ್ತು. ಮೇಷ್ಟ್ರು ಬಯ್ತಾರೆ ಅಂತ ಲಂಗಕ್ಕೆ ಒರೆಸ್ದೆ, ಓಗ್ಲಿಲ್ಲ."

ಬಾಳೆನಾರು.

ಷಡಕ್ಷರಿ ಕಡತದ ತಳಕ್ಕೆ ಕೈಹಾಕಿ ಮೂಕರ್ಜಿಯ ಸುರುಳಿಯನ್ನು ಹೊರಗೆ ತೆಗೆದ. ಸುತ್ತಿದ್ದ ಎರಡೆಳೆ ನಾರನ್ನು ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದ. ಕೊಳೆ ಎಂದು ಅಸಹ್ಯಪಟ್ಟಿದ್ದ ತುದಿ ಕೊಳೆಯಾಗಿರಲಿಲ್ಲ. ಒಣಗಿದ ನೀಲಿ ಶಾಯಿ.

ಹುಡುಗಿ ಅದನ್ನು ಕೈಗೆ ತೆಗೆದುಕೊಂಡು, ಇದೇ ನನ್ನದು ಎಂದಳು. ಅವಳ ಲಂಗದ ಅಂಚಿನಲ್ಲಿ ಅದೇ ಬಣ್ಣದ ಒಂದು ಕಲೆ ಇನ್ನೂ ಇತ್ತು.

ಹಳ್ಳಿಯವರು ಕಟ್ಟಿದ ನಾರೇನೋ ನಿಜ, ಕಾಗದ ಮಾತ್ರ ಹಳ್ಳಿಯಿಂದ ಬಂದದ್ದಾಗಿರಲಿಲ್ಲ. ಪತ್ರಿಕೆಗಳು ಪರೀಕ್ಷೆಯ ದಿನವೇ ಅರಗಿನ ಮೊಹರು ಹಾಕಿಸಿಕೊಂಡು ಹಾಸನಕ್ಕೆ ಹೋಗಿದ್ದವು. ಅಲ್ಲಿ ಯಾರೋ ಎರಡರ ನಾರನ್ನೂ ಬಿಚ್ಚಿ, ಮೇಲಿನ ಹಾಳೆಗಳನ್ನು ಅದಲುಬದಲು ಮಾಡಿ, ಕಚೇರಿಯ ಬಿಳಿ ದಾರದಿಂದ ಮತ್ತೆ ಕಟ್ಟಿದ್ದರು. ಬಿಚ್ಚಿದ ಅದೇ ನಾರಿನಿಂದ, ಹೀಗೆ ಮೋಸವಾಗಿದೆ ಎಂದು ಹೇಳುವ ಮೂಕರ್ಜಿಯನ್ನೂ ಕಟ್ಟಿದ್ದರು. ಕದ್ದವನೇ ಕಳ್ಳತನವಾಗಿದೆ ಎಂದು ಯಾಕೆ ಬರೆದ? ಅಥವಾ ಕದ್ದದ್ದನ್ನು ನೋಡಿದವರು ಇನ್ನೊಬ್ಬರು ಇದ್ದರೇ?

"ಅಂಗಾದ್ರೆ ನಾನು ಕೆಡಿಸ್ಲಿಲ್ವಾ ಸಾ?" ಎಂದು ಹೊನ್ನಕ್ಕ ಕೇಳಿದಳು.

ಇಲ್ಲ ಎಂದ ಅವನು. ಅವಳು ಗೋಡೆಯ ಬುಡದಲ್ಲಿ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಬಹಳ ದಿನದಿಂದ ತಡೆದಿಟ್ಟಿದ್ದ ಅಳು ಅದು. ಮಗಳು ಪಕ್ಕದಲ್ಲಿ ಕೂತು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಹೊನ್ನಕ್ಕ ಕಣ್ಣೊರೆಸಿಕೊಂಡು ಎದ್ದು, ಲಕ್ಕಯ್ಯ ಕಣದಿಂದ ಬರಲಿ ಎಂದಳು. ಏನು ಬೇಕಾದರೂ ಆಗಲಿ, ಸೋಮವಾರ ತಾವಿಬ್ಬರೂ ಮಗಳನ್ನು ಕರೆದುಕೊಂಡು ಹಾಸನಕ್ಕೆ ಬರುತ್ತೇವೆ ಎಂದಳು.

ಷಡಕ್ಷರಿ ಅರ್ಧ ಬರೆದ ಹೇಳಿಕೆಯನ್ನು ಹರಿದು ಜೇಬಿಗೆ ಹಾಕಿಕೊಂಡ. ನಾರನ್ನು ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿದ. ಹೊರಡಲು ಎದ್ದಾಗ ಮಲ್ಲಿಗಮ್ಮ ಬಾಗಿಲವರೆಗೆ ಬಂದಳು.

"ಸಾ, ಆ ಕಾಗ್ದ ನಿಮ್ಮ ಕೈಗೆ ಕೊಟ್ಟೋರು ಯಾರು?"

ಪತ್ತೇದಾರನಾದವನು ಮೊದಲನೆಯ ದಿನವೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಟಪಾಲು ಡಬ್ಬಿಯಲ್ಲಿ ಸಿಕ್ಕಿತು ಎಂದು ಅವನಿಗೆ ಹೇಳಿದವರು ಚನ್ನಬಸವಯ್ಯನವರು. ಡಬ್ಬಿಯಲ್ಲಿ ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಪತ್ರಿಕೆಗಳಿದ್ದ ಬೀರುವಿಗೆ ಒಂದೇ ಬೀಗದಕೈ, ಅದು ಹಗಲೂ ರಾತ್ರಿ ನನ್ನ ಉಡಿದಾರದಲ್ಲೇ ಇರುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಂಡವರೂ ಅವರೇ.

ಸೋಮವಾರ ಹತ್ತು ಗಂಟೆಗೆ, ಈ ಮಗುವಿನ ಸೀಟಿನ ವರದಿಯನ್ನು ಅವನು ಒಪ್ಪಿಸಬೇಕಾಗಿದ್ದದ್ದೂ ಅವರ ಕೈಗೇ.